ಬೇರೆ ಊರಿಗೆ ಹೋಗಿ ಕಾಸ್ಮೆಟಿಕ್ ಸರ್ಜರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಗು, ಕಣ್ಣಿನ ರೆಪ್ಪೆ, ಸ್ತನ, ಹೊಟ್ಟೆ, ಕೊಬ್ಬು ತೆಗೆಸುವುದು. ಇಂಥ ಸರ್ಜರಿಗೆ ಬೇರೆ ಊರಿಗೋ ಬೇರೆ ದೇಶಕ್ಕೋ ಹೋಗುವ ಯೋಚನೆ ಇರುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಮಾಡಿಸಿಕೊಳ್ಳಿ ಎನ್ನಲೂ ಬೇಡ ಎನ್ನಲೂ ಇದನ್ನು ಬರೆದಿಲ್ಲ. ಜನ ಸರ್ಜನ್‌ ಹುಡುಕಲು ತಿಂಗಳುಗಟ್ಟಲೆ ಕೂರುತ್ತಾರೆ. ಆಮೇಲಿನ ಆರೈಕೆ ಬಗ್ಗೆ ಮಾತ್ರ ಟಿಕೆಟ್ ಬುಕ್ ಆದ ಮೇಲೆ ಯೋಚಿಸುತ್ತಾರೆ. ಹಾಗಾಗಿ ಇಲ್ಲಿನ ಉತ್ತರಗಳು ಆರೈಕೆಯ ಕಡೆಗೇ ಜಾಸ್ತಿ ವಾಲಿವೆ. ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ.

ದೂರ ಹೋಗಿ ಮಾಡಿಸಿದರೆ ಅಪಾಯ ಅನ್ನುತ್ತಾರಲ್ಲ, ಅಲ್ಲಿಯ ಡಾಕ್ಟರುಗಳು ಚೆನ್ನಾಗಿಲ್ಲ ಅಂತಲಾ?

ಹಾಗೇನಿಲ್ಲ. ಒಳ್ಳೆಯ ಸರ್ಜನ್‌ಗಳು ಎಲ್ಲ ದೇಶಗಳಲ್ಲೂ ಇದ್ದಾರೆ, ಕೆಟ್ಟವರೂ ಇದ್ದಾರೆ. ತಾಪತ್ರಯ ಇರುವುದು ದಿನಗಳ ಲೆಕ್ಕದಲ್ಲಿ.

ಸರ್ಜರಿ ಆದ ಜಾಗದಲ್ಲಿ ಒಳಗೇ ರಕ್ತ ತುಂಬಿಕೊಳ್ಳುವುದು ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲಿ. ಆಗ ನೀವು ಅಲ್ಲೇ ಇರುತ್ತೀರಿ, ಸರ್ಜನ್ ಕೂಡ ಹತ್ತಿರದಲ್ಲಿರುತ್ತಾರೆ. ಆದರೆ ಗಾಯಕ್ಕೆ ಸೋಂಕು ತಗುಲಿ ಕೀವಾಗುವುದು ಹೆಚ್ಚಾಗಿ ಕೆಲವು ದಿನಗಳಿಂದ ಎರಡು ವಾರದೊಳಗೆ. ಹೊಲಿಗೆ ಬಿಟ್ಟುಕೊಳ್ಳುವುದು, ಚರ್ಮದ ಅಂಚು ಕಪ್ಪಾಗುವುದು, ಚರ್ಮದಡಿ ನೀರು ತುಂಬುವುದು ಕೂಡ ಅದೇ ಹೊತ್ತಿಗೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹಲವು ವಾರ ಇರುತ್ತದೆ. ಪ್ಯಾಕೇಜ್‌ಗಳು ಇರುವುದು ಐದೋ ಏಳೋ ದಿನದ್ದು. ಅಂದರೆ ತೊಂದರೆ ತಲೆ ಎತ್ತುವ ಹೊತ್ತಿಗೆ ನೀವು ಮನೆಯಲ್ಲಿ, ಸರ್ಜನ್ ಸಾವಿರಾರು ಕಿಲೋಮೀಟರ್ ಆಚೆ.

ಅದಕ್ಕೇ ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಇದು: ಹತ್ತನೇ ದಿನ ನನ್ನ ಗಾಯ ಬಿಚ್ಚಿ ನೋಡುವವರು ಯಾರು? ಇದಕ್ಕೆ ಒಬ್ಬ ಡಾಕ್ಟರ ಹೆಸರು ಸಿಗುವವರೆಗೂ ಅಡ್ವಾನ್ಸ್ ಕಟ್ಟಬೇಡಿ.

ಸರ್ಜನ್ ಸರಿಯಾದವರಾ ಅಂತ ಕೂತಲ್ಲಿಂದ ತಿಳಿಯುವುದು ಹೇಗೆ?

ಪೂರ್ತಿ ತಿಳಿಯಲಾಗುವುದಿಲ್ಲ, ಆದರೆ ಜೊಳ್ಳು ತೂರಿಬಿಡಬಹುದು. ಆ ದೇಶದ ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಹೆಸರು ಇದೆಯಾ, ಪ್ಲಾಸ್ಟಿಕ್ ಸರ್ಜರಿಯಲ್ಲೇ ತರಬೇತಿ ಆಗಿದೆಯಾ ನೋಡಿ. 'ಕಾಸ್ಮೆಟಿಕ್ ಸರ್ಜನ್' ಅನ್ನುವ ಬೋರ್ಡ್ ನೋಡಿ ಮೋಸಹೋಗಬೇಡಿ. ಎಷ್ಟೋ ಕಡೆ ಯಾವ ಡಾಕ್ಟರ್ ಬೇಕಾದರೂ ಆ ಬೋರ್ಡ್ ಹಾಕಿಕೊಳ್ಳಬಹುದು. 1970ರಲ್ಲಿ ಶುರುವಾದ ಐಸಾಪ್ಸ್ (ISAPS) ಎಂಬ ಪ್ಲಾಸ್ಟಿಕ್ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘ ತನ್ನ ಸದಸ್ಯ ಸರ್ಜನ್‌ಗಳ ಹೆಸರನ್ನು ವೆಬ್‌ಸೈಟಿನಲ್ಲಿ ಹಾಕಿದೆ, ಅಲ್ಲೂ ಹುಡುಕಬಹುದು. ಆಸ್ಪತ್ರೆಗೆ ಜೆಸಿಐ (ಆಸ್ಪತ್ರೆಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇದ್ದರೆ ಒಳ್ಳೆಯದೇ. ಆದರೆ ಅದು ಆಸ್ಪತ್ರೆಯ ವ್ಯವಸ್ಥೆಗೆ ಸಿಕ್ಕ ಸರ್ಟಿಫಿಕೇಟ್, ಸರ್ಜನ್ ಕೈಚಳಕಕ್ಕಲ್ಲ.

ನೇರವಾಗಿ ಕೇಳಿ. ಕತ್ತಿ ಹಿಡಿಯುವವರು ನೀವೇನಾ, ನಿಮ್ಮ ಅಸಿಸ್ಟೆಂಟಾ? ಅರಿವಳಿಕೆ ಕೊಡಲು ಪ್ರತ್ಯೇಕ ಡಾಕ್ಟರ್ ಇರುತ್ತಾರಾ? ಸರ್ಜರಿ ಮಧ್ಯೆ ಏನಾದರೂ ಆದರೆ ಯಾವ ಐಸಿಯುಗೆ ಸೇರಿಸುತ್ತೀರಿ? ಒಂದೇ ದಿನ ಎಷ್ಟು ಜನಕ್ಕೆ ಮಾಡುತ್ತೀರಿ? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರು ಆಮೇಲೆ ಫೋನೂ ಎತ್ತುವುದಿಲ್ಲ.

ಇನ್ನು ಮಧ್ಯದಲ್ಲಿರುವ ಏಜೆಂಟರು. ಮೆಸೇಜಿಗೆ ತಕ್ಷಣ ಉತ್ತರ ಕೊಡುತ್ತಾರೆ, ಸಿಹಿಯಾಗಿ ಮಾತಾಡುತ್ತಾರೆ. ಅವರಲ್ಲಿ ಹಲವರಿಗೆ ಸಿಗುವುದು ಕಮಿಷನ್. 'ನಿಮಗೆ ಈ ಸರ್ಜರಿ ಬೇಡ' ಎಂದು ಹೇಳುವ ಅಧಿಕಾರ ಅವರಿಗಿಲ್ಲ. ಅದನ್ನು ಹೇಳಬಲ್ಲ ಸರ್ಜನ್ ಜೊತೆ ಹೋಗುವ ಮುಂಚೆ ಒಮ್ಮೆಯಾದರೂ ವಿಡಿಯೊ ಕರೆಯಲ್ಲಿ ಮಾತಾಡಿ. ಅಲ್ಲಿಗೆ ತಲುಪಿದ ಮೇಲೂ ಸರ್ಜರಿಗೆ ಒಂದೆರಡು ದಿನ ಮುಂಚೆ ಮುಖಾಮುಖಿ ಪರೀಕ್ಷೆ ಆಗಬೇಕು. ಆಪರೇಷನ್ ದಿನ ಬೆಳಿಗ್ಗೆ ಪೆನ್ನು ಹಿಡಿದು ಗುರುತು ಹಾಕಲು ಬಂದಾಗಲೇ ಅವರನ್ನು ಮೊದಲ ಸಲ ನೋಡಿದರೆ, ಬೇಡ ಎನ್ನಲು ಯಾರಿಗೆ ಧೈರ್ಯ ಬರುತ್ತದೆ?

ಯಾವ ಸರ್ಜರಿಗೆ ಜಾಸ್ತಿ ಹುಷಾರಾಗಿರಬೇಕು?

ಬೇರೆ ಜಾಗದ ಕೊಬ್ಬು ತೆಗೆದು ಪೃಷ್ಠಕ್ಕೆ ತುಂಬುವ ಸರ್ಜರಿಗೆ. ಇದನ್ನು ಬ್ರೆಜಿಲಿಯನ್ ಬಟ್ ಲಿಫ್ಟ್ ಎನ್ನುತ್ತಾರೆ. ಕೊಬ್ಬನ್ನು ಸ್ನಾಯುವಿನ ಒಳಗೆ ಚುಚ್ಚಿದರೆ ಅದು ಅಲ್ಲಿನ ದೊಡ್ಡ ರಕ್ತನಾಳಕ್ಕೆ ನುಗ್ಗಿ, ಹೃದಯ ದಾಟಿ ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಜೀವ ಹೋಗಲು ನಿಮಿಷಗಳು ಸಾಕು. ಪ್ಲಾಸ್ಟಿಕ್ ಸರ್ಜನ್‌ಗಳ ಸಂಘಗಳು ಸೇರಿ 2018ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟವು. 3,000 ಸರ್ಜರಿಗೆ ಒಂದು ಸಾವಿನಷ್ಟು ಅಪಾಯ ಇರಬಹುದು ಎಂದು ಅದರಲ್ಲಿ ಅಂದಾಜು ಮಾಡಿದ್ದರು. ಕೊಬ್ಬನ್ನು ಚರ್ಮದ ಅಡಿಯಲ್ಲಿ ಮಾತ್ರ ತುಂಬಬೇಕು, ಸ್ನಾಯುವಿಗೆ ಸೂಜಿ ಇಳಿಯಬಾರದು ಎನ್ನುವುದು ಈಗಿನ ನಿಯಮ. ಸೂಜಿ ಎಲ್ಲಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಮಾಡುತ್ತೀರಾ ಎಂದು ಕೇಳಿ.

ಎರಡನೆಯದು, 'ಹೇಗೂ ಬಂದಿದ್ದೀರಲ್ಲ, ಎಲ್ಲಾ ಒಂದೇ ಸಲ ಮುಗಿಸಿಬಿಡಿ' ಅನ್ನುವ ಆಫರ್. ಹೊಟ್ಟೆ, ಸ್ತನ, ಲೈಪೊಸಕ್ಷನ್ (ಕೊಬ್ಬು ಹೀರಿ ತೆಗೆಯುವುದು) ಮೂರನ್ನೂ ಒಂದೇ ದಿನ ಮಾಡಿದರೆ ಅರಿವಳಿಕೆಯಲ್ಲಿ ಮಲಗುವ ಗಂಟೆಗಳು ಏರುತ್ತವೆ, ರಕ್ತ ಹೋಗುವುದು ಹೆಚ್ಚುತ್ತದೆ, ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. 2009ರಿಂದ 2022ರ ನಡುವೆ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕಾಸ್ಮೆಟಿಕ್ ಸರ್ಜರಿ ನಂತರ 93 ಅಮೆರಿಕನ್ನರು ಸತ್ತರು ಎಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಲೆಕ್ಕ ಕೊಟ್ಟಿದೆ. ಅವರಲ್ಲಿ ಕೆಲವರ ಸಾವನ್ನು ವಿವರವಾಗಿ ಪರಿಶೀಲಿಸಿದಾಗ ಹೆಚ್ಚಿನವರ ವಿಷಯದಲ್ಲಿ ಕಂಡ ಕಾರಣ ಕೊಬ್ಬು ಅಥವಾ ರಕ್ತದ ಹೆಪ್ಪು ರಕ್ತನಾಳದಲ್ಲಿ ಸಿಕ್ಕಿಕೊಂಡದ್ದು. ಸ್ಥೂಲಕಾಯ, ಒಂದೇ ಸಲ ಹಲವು ಸರ್ಜರಿ ಎರಡೂ ಅವರಲ್ಲಿ ಸಾಮಾನ್ಯವಾಗಿದ್ದವು. ಒಂದು ಟಿಕೆಟ್ ಉಳಿಸಲು ಈ ಲೆಕ್ಕಕ್ಕೆ ಸೇರಬೇಡಿ.

ಹೊರಡುವ ಮುಂಚೆ ಏನು ಮಾಡಿಕೊಳ್ಳಬೇಕು?

ಮೊದಲು ನಿಮ್ಮ ಮಾಮೂಲಿ ಡಾಕ್ಟರಿಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ನಾಳೆ ಗಾಯ ನೋಡಬೇಕಾದವರು ಅವರೇ ಆಗಿರಬಹುದು. ಬಿಪಿ, ಶುಗರ್, ರಕ್ತಹೀನತೆ ಇದ್ದರೆ ಹತೋಟಿಗೆ ತನ್ನಿ.

ಸಿಗರೇಟು ಬಿಡಲೇಬೇಕು. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹೊಟ್ಟೆ ಸರ್ಜರಿಯಲ್ಲಿ, ಮುಖದ ಚರ್ಮ ಎಳೆದು ಬಿಗಿಮಾಡುವುದರಲ್ಲಿ ಚರ್ಮದ ಅಂಚಿಗೆ ಮೊದಲೇ ರಕ್ತ ಕಡಿಮೆ. ಅದೂ ನಿಂತರೆ ಚರ್ಮ ಸತ್ತು ಕಪ್ಪಾಗುತ್ತದೆ. ವೇಪ್, ನಿಕೋಟಿನ್ ಗಮ್ ಕೂಡ ಅದೇ ಲೆಕ್ಕಕ್ಕೆ.

ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಬರೆದುಕೊಡಿ. ಆಸ್ಪಿರಿನ್, ಐಬುಪ್ರೊಫೆನ್, ಮೀನೆಣ್ಣೆ ಕ್ಯಾಪ್ಸೂಲ್ ರಕ್ತಸ್ರಾವ ಹೆಚ್ಚಿಸಬಹುದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಸೆಮಾಗ್ಲುಟೈಡ್ ಥರದ ತೂಕ ಇಳಿಸುವ ಇಂಜೆಕ್ಷನ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ರಾತ್ರಿಯಿಡೀ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಇದನ್ನು ಅರಿವಳಿಕೆ ಡಾಕ್ಟರಿಗೆ ತಪ್ಪದೆ ಹೇಳಿ. ಯಾವುದನ್ನು ಎಂದು ನಿಲ್ಲಿಸಬೇಕು ಎನ್ನುವುದನ್ನು ಡಾಕ್ಟರೇ ಹೇಳಲಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಅನ್ನು ತಾವಾಗಿಯೇ ಬಿಟ್ಟರೆ ಅದು ಬೇರೆಯೇ ದುರಂತ.

ಅಲ್ಲಿ ಎಷ್ಟು ದಿನ ಇರಬೇಕು? ವಿಮಾನ ಯಾವಾಗ ಹತ್ತಬಹುದು?

ಮುಖ, ರೆಪ್ಪೆ, ಮೂಗು ಅಥವಾ ಲೇಸರ್ ಚಿಕಿತ್ಸೆ ಆದರೆ 7ರಿಂದ 10 ದಿನ ವಿಮಾನ ಬೇಡ ಎನ್ನುವುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ ಸಲಹೆ. ಎದೆ, ಹೊಟ್ಟೆಯ ಸರ್ಜರಿ ಆದರೆ ಕನಿಷ್ಠ 10 ದಿನ ಎನ್ನುತ್ತದೆ ಸಿಡಿಸಿ. ಇದು ಕನಿಷ್ಠದ ಲೆಕ್ಕ, ಗುರಿ ಅಲ್ಲ. ದೊಡ್ಡ ಸರ್ಜರಿ ಆದರೆ ಎರಡು ವಾರ ಇಟ್ಟುಕೊಳ್ಳಿ, ಮೇಲೆ ಮೂರ್ನಾಲ್ಕು ದಿನ ಕೈಯಲ್ಲಿರಲಿ. ವಾಪಸ್ ಟಿಕೆಟ್ ದಿನ ಬದಲಿಸಲು ಆಗುವಂಥದ್ದೇ ತೆಗೆದುಕೊಳ್ಳಿ. ಗಾಯದೊಳಗಿನ ನೀರು ಹೊರಹಾಕುವ ಡ್ರೈನ್ ನಳಿಕೆ ಇನ್ನೂ ಇದ್ದರೆ, ಜ್ವರ ಇದ್ದರೆ ಹೊರಡಬೇಡಿ, ಟಿಕೆಟ್ ದುಡ್ಡು ಹೋದರೂ ಹೋಗಲಿ.

ಇಷ್ಟು ಕಾಯುವುದು ಏಕೆ ಅಂದರೆ, ಸರ್ಜರಿಯೇ ರಕ್ತ ಹೆಪ್ಪುಗಟ್ಟುವ ಅಪಾಯ ತರುತ್ತದೆ, ಅಲುಗಾಡದೆ ಕೂರುವುದು ಅದಕ್ಕೆ ಇನ್ನೊಂದಿಷ್ಟು ಸೇರಿಸುತ್ತದೆ. ನಾಲ್ಕು ಗಂಟೆಗಿಂತ ಉದ್ದದ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟು ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತ್ತು. ಅದು ವಿಮಾನಕ್ಕೆ ಮಾತ್ರ ಅಲ್ಲ, ಬಸ್ಸು, ರೈಲು, ಕಾರಿಗೂ ಸೇರಿ. 'ನಾನು ವಿಮಾನದಲ್ಲಿ ಹೋಗಲ್ಲ, ರಾತ್ರಿ ಬಸ್ಸಲ್ಲಿ ಬರ್ತೀನಿ' ಅನ್ನುವವರು ಇದನ್ನು ಗಮನಿಸಿ. ಜೊತೆಗೆ ವಿಮಾನದೊಳಗಿನ ಗಾಳಿಯ ಒತ್ತಡ ನೆಲದಲ್ಲಿ ಇರುವುದಕ್ಕಿಂತ ಕಡಿಮೆ. ಸರ್ಜರಿ ವೇಳೆ ದೇಹದೊಳಗೆ ಗಾಳಿ ಉಳಿದಿದ್ದರೆ ಅದು ಅಲ್ಲಿ ಹಿಗ್ಗುತ್ತದೆ.

ಹೊರಡುವ ದಿನ ಸಡಿಲ ಬಟ್ಟೆ ಇರಲಿ. ಓಡಾಡಲು ಸುಲಭವಾಗುವಂತೆ ನಡುದಾರಿ ಪಕ್ಕದ ಸೀಟು ಹಿಡಿಯಿರಿ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಾಗಲೂ ಪಾದ ಆಡಿಸುತ್ತಿರಿ, ನೀರು ಕುಡಿಯಿರಿ. ಕಾಲಿಗೆ ಬಿಗಿ ಸಾಕ್ಸ್, ರಕ್ತ ತೆಳು ಮಾಡುವ ಇಂಜೆಕ್ಷನ್ ಬೇಕಾ ಎಂದು ಸರ್ಜನ್‌ನನ್ನು ಕೇಳಿ. ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಕೇಳಲು ಸಂಕೋಚ ಬೇಡ. ಹೊಟ್ಟೆ ಸರ್ಜರಿ ಆದವರು ಸೂಟ್‌ಕೇಸ್ ಎತ್ತುವ ಹಾಗೇ ಇಲ್ಲ. ಒಳಗೆ ಹೊಲಿದ ಸ್ನಾಯು ಬಿಟ್ಟುಕೊಂಡರೆ ಮತ್ತೆ ಮೊದಲಿನಿಂದ. ನೋವಿನ ಮಾತ್ರೆಗಳನ್ನು ಚೀಟಿ ಸಮೇತ ಅವುಗಳ ಪ್ಯಾಕೆಟ್‌ನಲ್ಲೇ ಒಯ್ಯಿರಿ. ಟ್ರಮಡಾಲ್, ಕೊಡೀನ್ ಥರದವಕ್ಕೆ ಕೆಲವು ದೇಶಗಳಲ್ಲಿ ಬಿಗಿ ಕಾನೂನಿದೆ.

ಒಬ್ಬಳೇ ಹೋಗಬಹುದಾ?

ಬೇಡ. ಮೊದಲ ರಾತ್ರಿ ಬಾತ್‌ರೂಮಿಗೆ ಹೋಗಲೂ ಕೈ ಹಿಡಿಯುವವರು ಬೇಕು. ಅರಿವಳಿಕೆಯ ಮಂಪರಿನಲ್ಲಿ ಡಾಕ್ಟರ್ ಹೇಳಿದ್ದು ನಿಮಗೆ ನೆನಪಿರುವುದಿಲ್ಲ, ಪಕ್ಕದಲ್ಲಿದ್ದವರಿಗೆ ಇರುತ್ತದೆ. ಗುಟ್ಟಾಗಿ ಮಾಡಿಸಿಕೊಳ್ಳಬೇಕು ಅಂತಿದ್ದರೂ ಒಬ್ಬರಿಗಾದರೂ ಹೇಳಿ ಕರೆದುಕೊಂಡು ಹೋಗಿ.

ಸರ್ಜರಿ ಜೊತೆಗೇ ಊರು ಸುತ್ತಿ ಬಂದರೆ ಆಗಲ್ವಾ?

ಸುತ್ತುವುದಿದ್ದರೆ ಸರ್ಜರಿಗೆ ಮುಂಚೆ ಸುತ್ತಿ. ಆಮೇಲೆ ಬಿಸಿಲು, ಮದ್ಯ, ಈಜುಕೊಳ, ಸಮುದ್ರ ಯಾವುದೂ ಆಗದು. ಗಾಯ ಪೂರ್ತಿ ಕೂಡುವ ಮುಂಚೆ ನೀರಿಗಿಳಿದರೆ ಸೋಂಕಿಗೆ ಬಾಗಿಲು ತೆರೆದಂತೆ.

ಹೋಟೆಲ್ ರೂಮಿನಲ್ಲಿ ಗಾಯ ನೋಡಿಕೊಳ್ಳುವುದು ಹೇಗೆ?

ಆಸ್ಪತ್ರೆಯಿಂದ ಹೊರಡುವ ಮುಂಚೆ ನರ್ಸ್ ಎದುರಿಗೆ ನೀವೋ ನಿಮ್ಮ ಜೊತೆಯವರೋ ಒಮ್ಮೆ ಡ್ರೆಸಿಂಗ್ ಬದಲಿಸಿ ತೋರಿಸಿ. ನೋಡಿ ಕಲಿತದ್ದು ಬೇರೆ, ಮಾಡಿ ಕಲಿತದ್ದು ಬೇರೆ. ಕೈ ಸೋಪಿನಲ್ಲಿ ತೊಳೆಯದೆ ಗಾಯ ಮುಟ್ಟಬಾರದು. ಮುಲಾಮು, ಪುಡಿ, ಅವರಿವರು ಹೇಳಿದ ಎಣ್ಣೆ ಏನೂ ಬೇಡ.

ಡ್ರೈನ್ ಇದ್ದರೆ ಡಬ್ಬಿಯಲ್ಲಿ ಎಷ್ಟು ಬಂತು, ಯಾವ ಬಣ್ಣ ಎಂದು ಹೊತ್ತಿನ ಸಮೇತ ಬರೆದಿಡಿ. ದಿನಕ್ಕೆ 30 ಮಿಲಿಲೀಟರ್‌ಗಿಂತ ಕಡಿಮೆ ಆದ ಮೇಲೆ ತೆಗೆಯುವುದು ಸಾಮಾನ್ಯ ರೂಢಿ. ಕೆಂಪು ನೀರು ನಿಧಾನವಾಗಿ ತಿಳಿಯಾಗುತ್ತಾ ಬರಬೇಕು. ಮತ್ತೆ ಗಾಢ ಕೆಂಪಾದರೆ, ಏಕ್‌ದಂ ಜಾಸ್ತಿಯಾದರೆ ಕಾಯಬೇಡಿ.

ಲೈಪೊಸಕ್ಷನ್, ಹೊಟ್ಟೆ ಸರ್ಜರಿ ಆದವರಿಗೆ ಬಿಗಿ ಉಡುಪು ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಾಕಬೇಕು. ಎರಡು ಜೊತೆ ತೆಗೆದುಕೊಳ್ಳಿ, ಒಂದು ಒಗೆದಾಗ ಇನ್ನೊಂದು ಇರುತ್ತದೆ. ಬಿಗಿ ಇರಬೇಕು ಅಂದರೆ ಉಸಿರುಕಟ್ಟುವ ಹಾಗೆ ಅಲ್ಲ. ಮಡಚಿಕೊಂಡು ಚರ್ಮ ಒತ್ತಿದರೆ ಅಲ್ಲೇ ಗಾಯ ಆಗುತ್ತದೆ.

ಮುಖದ ಹೊಲಿಗೆ ಐದಾರು ದಿನಕ್ಕೇ ಬಿಚ್ಚುತ್ತಾರೆ. ಮೈಮೇಲಿನವು ಹತ್ತರಿಂದ ಹದಿನಾಲ್ಕು ದಿನ. ಮೂಗಿನ ಪಟ್ಟಿ ಸುಮಾರು ಒಂದು ವಾರ ಇರುತ್ತದೆ, ಡಾಕ್ಟರ್ ಹೇಳುವವರೆಗೆ ಮೂಗು ಸೀಟುವ ಹಾಗಿಲ್ಲ. ಕನ್ನಡಕ ಹಾಕುವವರು ಅದರ ಭಾರ ಮೂಗಿನ ಮೇಲೆ ಎಷ್ಟು ದಿನ ಬೀಳಬಾರದು ಎಂದು ಮೊದಲೇ ಕೇಳಿಕೊಳ್ಳಿ. ಇದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು?

ಉಸಿರು ಸಿಗದಿದ್ದರೆ, ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಕೆಮ್ಮಿದಾಗ ರಕ್ತ ಬಂದರೆ ಆಂಬುಲೆನ್ಸ್ ಕರೆಯಿರಿ. ಸರ್ಜನ್‌ಗೆ ಮೆಸೇಜ್ ಹಾಕಿ ಉತ್ತರಕ್ಕೆ ಕಾಯುವ ಹೊತ್ತಲ್ಲ ಅದು.

ಒಂದೇ ಕಾಲು ಊದಿ ಮೀನಖಂಡ ನೋಯುವುದು ಹೆಪ್ಪಿನ ಲಕ್ಷಣ, ಅಂದೇ ತೋರಿಸಿ. ಎರಡೂ ಕಡೆ ಸರ್ಜರಿ ಆಗಿದ್ದು ಒಂದೇ ಕಡೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಉಬ್ಬಿ ನೋವು ಹೆಚ್ಚಿದರೆ ಒಳಗೆ ರಕ್ತ ತುಂಬುತ್ತಿರಬಹುದು. ರೆಪ್ಪೆ ಸರ್ಜರಿ ಆದವರಿಗೆ ಕಣ್ಣೊಳಗೆ ಜೋರು ನೋವು, ದೃಷ್ಟಿ ಮಂಜಾಗುವುದು ಕಂಡರೆ ಗಂಟೆಗಳಲ್ಲ, ನಿಮಿಷಗಳ ಲೆಕ್ಕ. ಹಾಗೇ ಬಿಟ್ಟರೆ ದೃಷ್ಟಿ ಹೋಗಬಹುದು.

38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಳಿ ನಡುಕ, ಗಾಯದ ಸುತ್ತ ದಿನದಿನಕ್ಕೆ ಹರಡುವ ಕೆಂಪು, ಕೀವು, ಕೆಟ್ಟ ವಾಸನೆ ಇದ್ದರೆ ಸೋಂಕು. ಇದರ ಜೊತೆಗೆ ಗೊಂದಲದ ಮಾತು, ವೇಗದ ಉಸಿರಾಟ, ಮೂತ್ರ ಕಡಿಮೆಯಾಗುವುದು ಸೇರಿಕೊಂಡರೆ ಸೋಂಕು ರಕ್ತಕ್ಕೆ ಹೋಗಿರಬಹುದು. ಬಾವು, ನೀಲಿ ಕಲೆ, ಜೋಮು, ಸ್ವಲ್ಪ ತುರಿಕೆ ಇವೆಲ್ಲ ಮಾಮೂಲು, ನಿಧಾನಕ್ಕೆ ಹೋಗುತ್ತವೆ. ನೋವು ದಿನೇ ದಿನೇ ಇಳಿಯಬೇಕು. ಇಳಿದ ನೋವು ಮತ್ತೆ ಏರಿದರೆ ಅದಕ್ಕೆ ಕಾರಣ ಇರುತ್ತದೆ.

ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ಅಲ್ಲಿಯ ಡಾಕ್ಟರೇ ನೋಡುತ್ತಾರಂತೆ, ಸಾಲದಾ?

ಸಣ್ಣಪುಟ್ಟ ಅನುಮಾನಕ್ಕೆ ಸಾಕು. ಆದರೆ ಫೋಟೊದಲ್ಲಿ ಗಾಯ ಬಿಸಿ ಇದೆಯಾ, ಒತ್ತಿದರೆ ಒಳಗೆ ನೀರು ಅಲುಗುತ್ತದಾ ಎಂದು ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಆ ಕಡೆ ಉತ್ತರ ಬರೆಯುವವರು ಡಾಕ್ಟರೇನಾ ಅಥವಾ ಆಫೀಸಿನವರಾ? 'ಅದು ನಾರ್ಮಲ್, ಚಿಂತೆ ಬೇಡ' ಎಂದು ಸುಮ್ನೆ ಟೈಪ್ ಮಾಡುವುದು ಬಹಳ ಸುಲಭ.

ಇಲ್ಲಿಯ ಡಾಕ್ಟರ್ 'ನಾವು ಮಾಡಿದ ಸರ್ಜರಿ ಅಲ್ಲ, ನೋಡಲ್ಲ' ಎಂದರೆ?

ಹಾಗೆ ಹೇಳುವವರು ಇದ್ದಾರೆ. ಅವರ ಕಷ್ಟವೂ ಅರ್ಥವಾಗುವಂಥದ್ದೇ. ಒಳಗೆ ಏನು ಮಾಡಿದ್ದಾರೆ ಎಂದು ತಿಳಿಯದೆ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಲು ಯಾರಿಗೂ ಇಷ್ಟವಿರುವುದಿಲ್ಲ. ತುರ್ತು ಸ್ಥಿತಿಯಲ್ಲಿ ಎಮರ್ಜೆನ್ಸಿಗೆ ಹೋಗಿ, ಅಲ್ಲಿ ಈ ಮಾತು ಬರಬಾರದು. ಉಳಿದದ್ದಕ್ಕೆ, ಹೋಗುವ ಮುಂಚೆಯೇ ಒಬ್ಬ ಪ್ಲಾಸ್ಟಿಕ್ ಸರ್ಜನ್ ಅಥವಾ ಜನರಲ್ ಸರ್ಜನ್ ಹತ್ತಿರ ಮಾತಾಡಿ, ಫೀಸು ಕೊಟ್ಟು, ಬಂದ ಮೇಲಿನ ಭೇಟಿಗೆ ದಿನ ಗೊತ್ತು ಮಾಡಿಕೊಳ್ಳಿ.

ಆ ಭೇಟಿಗೆ ಬರಿಗೈಲಿ ಹೋಗಬೇಡಿ. ಅಲ್ಲಿಂದ ಹೊರಡುವ ಮುಂಚೆ ಈ ಕಾಗದಗಳನ್ನು ಕೇಳಿ ಪಡೆಯಿರಿ: ಸರ್ಜರಿಯಲ್ಲಿ ಏನೇನು ಮಾಡಿದರು ಎಂದು ಬರೆದ ಆಪರೇಷನ್ ನೋಟ್, ಅರಿವಳಿಕೆಯ ವಿವರ, ಕೊಟ್ಟ ಔಷಧಿಗಳ ಪಟ್ಟಿ, ರಕ್ತ ಪರೀಕ್ಷೆಗಳು, ಡಿಸ್ಚಾರ್ಜ್ ಸಮ್ಮರಿ, ಇಂಪ್ಲಾಂಟ್ (ಮೈಯೊಳಗೆ ಇಡುವ ಸಿಲಿಕೋನ್ ಥರದ ವಸ್ತು) ಇದ್ದರೆ ಅದರ ಸ್ಟಿಕ್ಕರ್, ಕಾರ್ಡ್. ಔಷಧಿಗೆ ಕಂಪನಿ ಹೆಸರಲ್ಲ, ಅದರ ಮೂಲ ಹೆಸರು ಬರೆಸಿಕೊಳ್ಳಿ. ಕಂಪನಿ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಿಮ್ಮ ಡಾಕ್ಟರಿಗೆ ಓದಲು ಬರುವ ಭಾಷೆಯಲ್ಲೇ ಇರಲಿ. 'ಆಮೇಲೆ ಮೇಲ್ ಮಾಡ್ತೀವಿ' ಎಂದರೆ ಒಪ್ಪಬೇಡಿ.

ಎರಡು ತಿಂಗಳಾದ ಮೇಲೆ ಗಾಯದಲ್ಲಿ ಗಂಟು, ಕೀವು ಬರುತ್ತಿದೆ. ಇದಕ್ಕೂ ಸರ್ಜರಿಗೂ ಸಂಬಂಧ ಇದೆಯಾ?

ಇರಬಹುದು, ಖಂಡಿತ ತೋರಿಸಿ. ಮೈಕೊಬ್ಯಾಕ್ಟೀರಿಯಂ ಅಬ್ಸೆಸಸ್ ಎನ್ನುವ ಒಂದು ರೋಗಾಣು ಇದೆ. ನೀರು, ಮಣ್ಣಿನಲ್ಲಿ ಇರುತ್ತದೆ. ಸಲಕರಣೆ ಸರಿಯಾಗಿ ಶುದ್ಧ ಮಾಡದ ಕಡೆ ಗಾಯದೊಳಗೆ ಸೇರುತ್ತದೆ. ವಾರಗಳೋ ತಿಂಗಳುಗಳೋ ಆದ ಮೇಲೆ ಕೆಂಪು ಗಂಟಾಗಿ ಕಾಣಿಸಿಕೊಳ್ಳುತ್ತದೆ. ಮಾಮೂಲಿ ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಕೀವಿನಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಮಾಮೂಲಿ ಕಲ್ಚರ್ ಪರೀಕ್ಷೆಯಲ್ಲಿ ಸಿಗದೆಯೂ ಹೋಗಬಹುದು, ಇದನ್ನೇ ಹುಡುಕಿ ಎಂದು ಲ್ಯಾಬಿಗೆ ಹೇಳಬೇಕಾಗುತ್ತದೆ. ಚಿಕಿತ್ಸೆ ಎರಡು ಮೂರು ಔಷಧಿ ಸೇರಿಸಿ ತಿಂಗಳುಗಟ್ಟಲೆ. ಹಾಗಾಗಿ ಡಾಕ್ಟರ್ ಕೇಳದಿದ್ದರೂ 'ಇಂಥ ದೇಶದಲ್ಲಿ ಇಂಥ ಸರ್ಜರಿ ಆಗಿತ್ತು' ಎಂದು ನೀವೇ ಹೇಳಿ.

ಸೋಂಕು ಗಾಯದಲ್ಲೇ ಕಾಣಬೇಕೆಂದೂ ಇಲ್ಲ. 2023ರಲ್ಲಿ ಮೆಕ್ಸಿಕೊದ ಮಟಮೊರೋಸ್‌ನಲ್ಲಿ ಲೈಪೊಸಕ್ಷನ್ ಥರದ ಸರ್ಜರಿ ಮಾಡಿಸಿಕೊಂಡವರಿಗೆ ಬೆನ್ನಿಗೆ ಕೊಟ್ಟ ಅರಿವಳಿಕೆಯ ಮೂಲಕ ಶಿಲೀಂಧ್ರ ಸೇರಿ ಮೆದುಳಿನ ಪೊರೆಗೆ ಸೋಂಕಾಯಿತು. ಹಲವರು ಸತ್ತರು. ಬೆನ್ನಿಗೆ ಇಂಜೆಕ್ಷನ್ ತೆಗೆದುಕೊಂಡವರು ವಾರಗಳ ನಂತರ ಬಿಡದ ತಲೆನೋವು, ಕತ್ತು ಬಿಗಿತ, ಬೆಳಕು ನೋಡಲಾಗದಿರುವುದನ್ನು ಮೈಗ್ರೇನ್ ಎಂದು ತಳ್ಳಿಹಾಕಬಾರದು.

ಪ್ರಯಾಣದ ಇನ್ಶೂರೆನ್ಸ್ ಇದೆಯಲ್ಲ, ತೊಂದರೆ ಆದರೆ ಅದು ಕೊಡುತ್ತದಲ್ವಾ?

ಹೆಚ್ಚಾಗಿ ಇಲ್ಲ. ಮೊದಲೇ ಗೊತ್ತುಮಾಡಿಕೊಂಡು ಹೋದ ಸರ್ಜರಿ, ಅದರಿಂದ ಬಂದ ತೊಂದರೆ ಎರಡನ್ನೂ ಮಾಮೂಲಿ ಪಾಲಿಸಿಗಳು ಹೊರಗಿಡುತ್ತವೆ. ಇದಕ್ಕೆಂದೇ ಇರುವ ಪಾಲಿಸಿಗಳಿವೆ, ಸಣ್ಣ ಅಕ್ಷರದಲ್ಲಿರುವುದನ್ನೂ ಓದಿ. ಐಸಿಯು ಖರ್ಚು, ಹೆಚ್ಚು ದಿನ ಉಳಿಯುವ ಖರ್ಚು, ಜೊತೆಯವರ ಖರ್ಚು ಸೇರಿದೆಯಾ ನೋಡಿ. ಸರ್ಜರಿಗೆ ಎಂದು ಕೂಡಿಟ್ಟ ದುಡ್ಡೆಲ್ಲ ಸರ್ಜರಿಗೇ ಮುಗಿದುಹೋದರೆ ಆ ಪ್ರಯಾಣ ಮುಂದಕ್ಕೆ ಹಾಕುವುದೇ ಸರಿ.

ನೋಡಲು ಚೆನ್ನಾಗಿ ಬಂದಿಲ್ಲ. ಮತ್ತೆ ಮಾಡಿಸಬೇಕಾ?

ಈಗಲೇ ತೀರ್ಮಾನ ಬೇಡ. ಬಾವು ಪೂರ್ತಿ ಇಳಿಯಲು ತಿಂಗಳುಗಳು ಬೇಕು. ಮೂಗು ಕೊನೆಯ ಆಕಾರಕ್ಕೆ ಬರಲು ಒಂದು ವರ್ಷವೂ ಆಗಬಹುದು. ಕಲೆ ಕೂಡ ಅಷ್ಟೇ, ಒಂದು ವರ್ಷ ಬದಲಾಗುತ್ತಲೇ ಇರುತ್ತದೆ. ಅಲ್ಲಿಯವರೆಗೆ ಅದಕ್ಕೆ ಬಿಸಿಲು ತಾಗಿಸಬೇಡಿ, ತಾಗಿದರೆ ಕಪ್ಪಾಗಿ ಉಳಿದುಬಿಡುತ್ತದೆ. ತಿಂಗಳಿಗೊಮ್ಮೆ ಒಂದೇ ಬೆಳಕು, ಒಂದೇ ಕೋನದಲ್ಲಿ ಫೋಟೊ ತೆಗೆದಿಡಿ. ಆಮೇಲೂ ಸಮಾಧಾನ ಇಲ್ಲದಿದ್ದರೆ ಮೊದಲು ಹತ್ತಿರದ ಬೇರೊಬ್ಬ ಸರ್ಜನ್ ಅಭಿಪ್ರಾಯ ಕೇಳಿ. 'ರಿವಿಷನ್ ಫ್ರೀ' (ಮತ್ತೆ ಸರಿಮಾಡಿಕೊಡುವುದು ಉಚಿತ) ಎಂದ ಕ್ಲಿನಿಕ್‌ಗಳು ಸರ್ಜನ್ ಫೀಸು ಬಿಡುತ್ತಾವಾ, ಅರಿವಳಿಕೆ, ಆಸ್ಪತ್ರೆ, ಪ್ರಯಾಣದ ಖರ್ಚು ಯಾರದು ಎಂದು ಮೊದಲೇ ಬರಹದಲ್ಲಿ ಇರಬೇಕು.

ಕಾಗದಪತ್ರ ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಸ್ತನಕ್ಕೆ ಇಂಪ್ಲಾಂಟ್ ಹಾಕಿಸಿದ್ದರೆ ಅದು ಮೈಯಲ್ಲಿ ಇರುವವರೆಗೂ. ಫ್ರಾನ್ಸಿನ ಪಿಐಪಿ ಕಂಪನಿ ಇಂಪ್ಲಾಂಟ್‌ಗೆ ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬುತ್ತಿತ್ತು ಎನ್ನುವುದು 2010ರಲ್ಲಿ ಬಯಲಾಯಿತು. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎನ್ನುವ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು, ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರ್‌ಗೂ ಅವಕ್ಕೂ ನಂಟು ಕಂಡದ್ದರಿಂದ. ಎರಡೂ ಸಲ, ಹಾಕಿಸಿಕೊಂಡವರಿಗೆ ತಮ್ಮೊಳಗಿರುವುದು ಯಾವುದು ಎಂದು ತಿಳಿಯಲು ಇಂಪ್ಲಾಂಟ್ ಜೊತೆ ಕೊಡುವ ಕಾರ್ಡ್ ಬೇಕಾಯಿತು. ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಮೂರೂ ಅದರಲ್ಲಿರಬೇಕು. ಸಿಲಿಕೋನ್ ಇಂಪ್ಲಾಂಟ್ ಆದರೆ ಐದಾರು ವರ್ಷಕ್ಕೆ ಒಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಿ ಎನ್ನುತ್ತದೆ ಅಮೆರಿಕದ ಔಷಧ, ವೈದ್ಯಕೀಯ ಸಲಕರಣೆಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ. ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದು, ನಿಮ್ಮ ಜೊತೆ ಬಂದವರ ಫೋನಿಗೂ ಕಳಿಸಿಡಿ.